ಡೌನ್‌ಲೋಡ್ ಮಾಡಿದ ಹಾಡಿನ ಮರುಮಾರಾಟ: ಒಂದು ಸ್ಪಷ್ಟನೆ

‘ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಹಾಡು ನಮ್ಮದೇ ಸ್ವತ್ತು, ಹಳೆಯ ಸಿ.ಡಿ.ಯಂತೆ ಅದನ್ನೂ ಯಾರಿಗೆ ಬೇಕಾದರೂ ಮಾರಬಹುದು’ ಎಂಬ ಮಾತು ಹರಿದಾಡುತ್ತಿದೆ; ಇದು ಸರಿಯಲ್ಲ. ಸಿ.ಡಿ. ಮಾರಿದಾಗ ಅದೇ ವಸ್ತು ಕೈ ಬದಲಾಗುತ್ತದೆ, ಆದರೆ ಫೈಲನ್ನು ಇನ್ನೊಬ್ಬರಿಗೆ ಕಳುಹಿಸಿದಾಗ ಅವರ ಸಾಧನದಲ್ಲಿ ಹೊಸದೊಂದು ಪ್ರತಿ ಹುಟ್ಟುತ್ತದೆ, ಮತ್ತು ಪ್ರತಿ ಮಾಡುವ ಹಕ್ಕು ಕೃತಿಸ್ವಾಮ್ಯ ಹೊಂದಿದವರದು. ಡಿಜಿಟಲ್ ಹಾಡುಗಳ ಮರುಮಾರಾಟಕ್ಕೆಂದೇ ಆರಂಭವಾದ ಅಮೆರಿಕದ ರೀಡಿಜಿ ಸಂಸ್ಥೆ, ಮಾರಿದವರ ಕಂಪ್ಯೂಟರಿನಿಂದ ಮೂಲ ಫೈಲನ್ನು ತೆಗೆಸುವ ವ್ಯವಸ್ಥೆ ಮಾಡಿದ್ದರೂ, 2013ರಲ್ಲಿ ಕೆಳ ನ್ಯಾಯಾಲಯದಲ್ಲಿಯೂ 2018ರಲ್ಲಿ ಮೇಲ್ಮನವಿಯಲ್ಲಿಯೂ ಸೋತದ್ದು ಮುಖ್ಯವಾಗಿ ಇದೇ ಕಾರಣಕ್ಕೆ. 2009ರಲ್ಲಿ ಆಪಲ್ ಕಂಪನಿಯ ಹಾಡಿನ ಮಳಿಗೆ ಐಟ್ಯೂನ್ಸ್, ತನ್ನ ಹಾಡುಗಳ ನಕಲನ್ನು ತಡೆಯುವ ಡಿ.ಆರ್.ಎಂ. ಎಂಬ ಡಿಜಿಟಲ್ ಬೀಗವನ್ನು ಕೈಬಿಟ್ಟಾಗಲೂ ಹೋದದ್ದು ತಾಂತ್ರಿಕ ತಡೆಯೇ ಹೊರತು, ಹಂಚುವ ಅನುಮತಿಯೇನೂ ಸಿಗಲಿಲ್ಲ.

ಹಾಗೆಂದು ಈ ತಪ್ಪು ತಿಳಿವಳಿಕೆಗೆ ಕೇಳುಗರನ್ನಷ್ಟೇ ದೂರುವುದು ನ್ಯಾಯವಲ್ಲ. ಮರುಮಾರಾಟದ ಹಕ್ಕನ್ನೇ ಕೊಡದ ಸರಕಿಗೆ ಸಿ.ಡಿ.ಯ ಆಸುಪಾಸಿನ ಬೆಲೆ ಕೇಳಿ, ಬಟನ್ ಮೇಲೆ ‘ಖರೀದಿಸಿ’ ಎಂದಷ್ಟೇ ಬರೆದರೆ ಗ್ರಾಹಕರು ಬೇರೇನು ತಿಳಿದಾರು? ಮಾರಾಟಗಾರರು ಹಿಂಪಡೆಯಬಹುದಾದ ಡಿಜಿಟಲ್ ಸರಕುಗಳ ವಿಷಯದಲ್ಲಿ, ಸಿಗುವುದು ಪರವಾನಗಿ ಮಾತ್ರವೆಂದು ಕೊಳ್ಳುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿದೆ.