ಅಮ್ಮ ಕೇಳಿದ ಆಲ್ಬಮ್

ನಮ್ಮ ಬ್ಯಾಂಡಿನ ಹೆಸರು ಇಲ್ಲಿ ಹೇಳುವುದಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ನಾವು ನಾಲ್ಕು ಜನ. ಗಿರಿನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಬಾಗಿಲಿಗೆ ಹಾಸಿಗೆ ಒರಗಿಸಿ, ಕಿಟಕಿಗೆ ಅಜ್ಜಿಯ ರಜಾಯಿ ಕಟ್ಟಿ ಎಂಟು ಹಾಡು ರೆಕಾರ್ಡ್ ಮಾಡಿದೆವು. ಫ್ಯಾನ್ ಹಾಕಿದರೆ ಮೈಕಿಗೆ ಕೇಳಿಸುತ್ತದೆ ಅಂತ ಏಪ್ರಿಲ್ ಸೆಖೆಯಲ್ಲೂ ಫ್ಯಾನ್ ಇಲ್ಲ. ಡ್ರಮ್ಮರ್ ಬನಿಯನ್ನಿನಲ್ಲೇ ಬಾರಿಸಿದ. ಇಷ್ಟೆಲ್ಲ ಮಾಡಿಯೂ ಮೂರನೇ ಹಾಡಿನ ನಡುವೆ ಕುಕ್ಕರ್ ಒಂದು ಸಲ ಕೂಗಿದೆ. ಶ್ರುತಿ ಸರಿಯಾಗಿತ್ತು, ಬಿಟ್ಟುಬಿಟ್ಟೆವು.

ಬಿಡುಗಡೆ ಶುಕ್ರವಾರ. 2015ರಿಂದ ಹೊಸ ಆಲ್ಬಮ್ ಅಂದರೆ ಜಗತ್ತಿನಲ್ಲೆಲ್ಲ ಶುಕ್ರವಾರವೇ. ಅಮ್ಮನಿಗೆ ಇದು ಹಿಡಿಸಿತು, ಲಕ್ಷ್ಮಿ ವಾರ ಅಲ್ವಾ.

"ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆಗ ಮಾತ್ರ ಬೇಡ" ಅಂದಳು.

"ರಾತ್ರಿ ಹನ್ನೆರಡಕ್ಕೇ ಬಿಡುಗಡೆ ಅಮ್ಮ."

"ಅಷ್ಟು ಹೊತ್ತಲ್ಲಿ ಯಾರೋ ಕೇಳ್ತಾರೆ?"

ಕೇಳುವವರದ್ದೇ ಚಿಂತೆ. ಹಾಡಿನ ಆ್ಯಪ್‌ನಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. 2024ರಿಂದ ದೊಡ್ಡ ಆ್ಯಪ್ ಒಂದರಲ್ಲಿ, ವರ್ಷದಲ್ಲಿ 1000 ಸಲವೂ ಕೇಳದ ಹಾಡಿಗೆ ಬಿಡಿಗಾಸೂ ಇಲ್ಲ. ನಮ್ಮ ಮೊದಲ ಹಾಡೋ, ಶುರುವಿಗೆ 35 ಸೆಕೆಂಡು ಬರೀ ಮಳೆ ಸದ್ದು. ನನ್ನದೇ ಐಡಿಯಾ.

ಅದಕ್ಕೇ ನೆಂಟರ ವಾಟ್ಸಾಪ್ ಗುಂಪಿಗೆ ಮೊರೆಹೋದೆ. ಲಿಂಕ್ ಹಾಕಬೇಕಿತ್ತು. ಗಡಿಬಿಡಿಯಲ್ಲಿ ಬ್ಯಾಂಡಿನ ಹೆಸರಷ್ಟೇ ಬರೆದು 'ಹುಡುಕಿ ಕೇಳಿ' ಅಂದೆ.

ಮಧ್ಯಾಹ್ನ ಶಿವಮೊಗ್ಗದಿಂದ ದೊಡ್ಡಮ್ಮ ಫೋನ್ ಮಾಡಿದರು. "ನಾಲ್ಕು ಸಲ ಕೇಳಿದೆ ಕಣೋ. ಚೆನ್ನಾಗಿದೆ. ಕಿರುಚಾಟ ಸ್ವಲ್ಪ ಜಾಸ್ತಿ ಆಯ್ತು. ಗಂಟಲು ಸರಿಯಿದೆ ತಾನೆ? ಜ್ಯೇಷ್ಠಮಧು ಜಗಿ."

ನಾವು ಕಿರುಚುವುದೇ ಇಲ್ಲ. ನಮ್ಮ ಹಾಡುಗಾರನ ದನಿ ಮೈಕಿಗೇ ಸರಿಯಾಗಿ ಕೇಳಿಸದು. ಹುಡುಕಿ ನೋಡಿದೆ. ನಮ್ಮದೇ ಹೆಸರಿನ ಮೆಟಲ್ ಬ್ಯಾಂಡ್, ಯಾವುದೋ ದೇಶದ್ದು. ಮುಖಪುಟದ ತುಂಬ ತಲೆಬುರುಡೆ. ಇಡೀ ವಂಶ ಬೆಳಗಿನಿಂದ ಅದನ್ನೇ ಕೇಳಿದೆ. ಚಿಕ್ಕಪ್ಪ ವಾಕಿಂಗ್ ಹೋಗುವಾಗಲೂ.

ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ 2000ದಲ್ಲಿ ತನ್ನ ಮೊದಲ ಆಲ್ಬಮ್ಮಿಗೆ ವೆಬ್‌ಸೈಟ್ ವಿಳಾಸವನ್ನೇ ಹೆಸರಾಗಿ ಇಟ್ಟಿತ್ತು. ಇದೆಂಥ ಹೆಸರು ಅಂತ ನಕ್ಕವನು ನಾನೇ.

ಸಂಜೆ ಲಿಂಕ್ ಹಾಕಿದೆ. ಅಮ್ಮನ ಫೋನಿನಲ್ಲಿ ನಾನೇ ಹಾಡು ಹಚ್ಚಿ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಫೋನ್ ಮಡಿಲಲ್ಲಿಟ್ಟುಕೊಂಡು ಕೂತಳು. ಮಳೆ ಶುರುವಾಯಿತು. ಹತ್ತು ಸೆಕೆಂಡು. ಇಪ್ಪತ್ತು. ನಾನು ಉಸಿರು ಬಿಗಿಹಿಡಿದಿದ್ದೆ. ಇಪ್ಪತ್ತೆಂಟಕ್ಕೆ ಅಮ್ಮ ಧಡಕ್ಕನೆ ಎದ್ದಳು. ಫೋನ್ ಆರಿಸಿ ನನ್ನ ಕೈಗೆ ತುರುಕಿ ಮಹಡಿ ಮೆಟ್ಟಿಲು ಹತ್ತುತ್ತಾ ಕೂಗಿದಳು:

"ನೋಡ್ತಾ ನಿಂತಿದೀಯಲ್ಲೋ, ಮೇಲೆ ಸಂಡಿಗೆ ನೆನೀತಿದೆ!"