ರಫ್ತಿನ ದುಡ್ಡು ಘಟ್ಟ ಹತ್ತಲಿ

ಮೊನ್ನೆ ಶಿರಸಿ ಹತ್ತಿರ ಒಂದು ಮದುವೆ ಮನೆ. ಊಟ ಮುಗಿಸಿ ಕವಳ ಹಾಕುತ್ತಾ ಕೂತಿದ್ದೆವು. ಕೇಂದ್ರ ಸರ್ಕಾರದ ರಫ್ತು ಉತ್ತೇಜನ ಮಿಷನ್ ಬಗ್ಗೆ ಮಾತು ಬಂತು. 2025ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಯೋಜನೆ ಇದು. 2030-31ರ ತನಕ 25,060 ಕೋಟಿ ರೂಪಾಯಿ. "ಅದರಲ್ಲಿ ನಮ್ಮ ಬದಿಗೆ ಎಂತ ಬತ್ತು?" ಅಂತ ಹಿರಿಯರೊಬ್ಬರು ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲೇ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನನ್ನ ಭಾವನವರು ಕೆಲವು ವರ್ಷದ ಹಿಂದೆ ತಮ್ಮ ತೋಟದ ಮತ್ತು ಅಕ್ಕಪಕ್ಕದ ನಾಲ್ಕು ಮನೆಯ ಕಾಳುಮೆಣಸು ಸೇರಿಸಿ ಎರಡು ಟನ್ ದುಬೈಗೆ ಕಳಿಸಿದರು. ಅಲ್ಲಿ ಅಂಗಡಿ ಇಟ್ಟ ಭಟ್ಕಳದವರೊಬ್ಬರ ಪರಿಚಯ ಇತ್ತು. ಅವರು ನಮ್ಮ ಮಾರುಕಟ್ಟೆಯ ಟೆಂಡರ್ ದರಕ್ಕಿಂತ ಒಳ್ಳೆಯ ದರ ಒಪ್ಪಿದ್ದರು. ಭಾವ ರಫ್ತು ಮಾಡಲು ಬೇಕಾದ ಸರ್ಕಾರಿ ಕೋಡ್ ಮಾಡಿಸಿಕೊಂಡರು, ಮಸಾಲೆ ಮಂಡಳಿಯಲ್ಲಿ ನೋಂದಣಿ ಮಾಡಿಸಿದರು, ಬ್ಯಾಂಕಿಗೆ ಹತ್ತು ಸಲ ಹೋದರು. ಮಾದರಿಯನ್ನು ಪರೀಕ್ಷೆಗೆ ಕೊಚ್ಚಿಗೆ ಕಳಿಸಿದರು. ತೇವಾಂಶ ಜಾಸ್ತಿ ಇದೆ ಎಂದು ವರದಿ ಬಂತು. ಎರಡು ಟನ್ ಮೆಣಸನ್ನು ಚೀಲದಿಂದ ಸುರಿದು ಮತ್ತೆ ಅಂಗಳದಲ್ಲಿ ಹರವಿದರು. ಅತ್ತಿಗೆ, ಮಕ್ಕಳು, ಆಳುಗಳು ಎಲ್ಲ ಸೇರಿ ನಾಲ್ಕು ದಿನದ ಕೆಲಸ. ಅಂತೂ ಮಾಲು ಹೋಯಿತು, ದುಡ್ಡು ಬಂತು.

ಆಮೇಲೆ ಯಾರೋ ಹೇಳಿದರು, ರಫ್ತು ಮಾಡಿದವರಿಗೆ ಸರ್ಕಾರ ಒಂದಿಷ್ಟು ವಾಪಸ್ ಕೊಡುತ್ತದೆ ಅಂತ. ರೊಡ್‌ಟೆಪ್ ಅಂತ ಅದರ ಹೆಸರು. ಭಾವ ವಿಚಾರಿಸಿದರು. ಮಾಲು ಕಳಿಸುವಾಗ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್ ತುಂಬುವಾಗಲೇ "ನನಗೆ ಇದು ಬೇಕು" ಎಂದು ಗುರುತು ಹಾಕಬೇಕಿತ್ತು. ಅದನ್ನು ತುಂಬಿದ ಏಜೆಂಟ್ ಹಾಕಿರಲಿಲ್ಲ. ಹಡಗು ಹೋದ ಮೇಲೆ ಆ ಬಾಗಿಲು ಮುಚ್ಚಿತ್ತು.

ಮರುವರ್ಷ ನೆನಪಿಟ್ಟು ಗುರುತು ಹಾಕಿಸಿದರು. ಆದರೆ ಖಾತೆಗೆ ದುಡ್ಡು ಬರಲಿಲ್ಲ. ಆನ್‌ಲೈನ್‌ನಲ್ಲಿ ಒಂದು ಚೀಟಿ ಬಂತು, ಸ್ಕ್ರಿಪ್ ಅನ್ನುತ್ತಾರೆ. ವಿದೇಶದಿಂದ ಏನಾದರೂ ತರಿಸುವವರು ಕಸ್ಟಮ್ಸ್ ಸುಂಕ ಕಟ್ಟಲು ಮಾತ್ರ ಅದನ್ನು ಬಳಸಬಹುದು. ಭಾವ ವಿದೇಶದಿಂದ ಏನು ತರಿಸುತ್ತಾರೆ? ಹಾಗಾಗಿ ಆಮದು ಮಾಡುವ ಯಾರಿಗಾದರೂ ಮುಖಬೆಲೆಗಿಂತ ಕಡಿಮೆಗೆ ಮಾರಬೇಕು. ಇಷ್ಟು ಸಣ್ಣ ಚೀಟಿ ಕೊಳ್ಳುವವರನ್ನು ಹುಡುಕಲು ಮತ್ತೊಬ್ಬ ಏಜೆಂಟ್, ಅವನಿಗೆ ಮತ್ತೆ ಕಮಿಷನ್.

ಇದು ಹೀಗೇಕೆ ಅಂತ ಓದಿ ನೋಡಿದೆ. ಮೊದಲು ಎಂಇಐಎಸ್ ಅಂತ ಯೋಜನೆ ಇತ್ತು. ಅದು ನೇರವಾಗಿ ರಫ್ತಿಗೆ ಕೊಡುವ ಪ್ರೋತ್ಸಾಹ. 2018ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ತಲಾ ಆದಾಯ ಸತತ ಮೂರು ವರ್ಷ ಸಾವಿರ ಡಾಲರ್ ದಾಟಿದ ದೇಶ ಇಂಥ ಸಹಾಯಧನ ಕೊಡುವ ಹಾಗಿಲ್ಲ ಎಂಬ ನಿಯಮ ಇದೆ. 2019ರಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. 2021ರ ಜನವರಿಯಿಂದ ಅದರ ಜಾಗಕ್ಕೆ ರೊಡ್‌ಟೆಪ್ ಬಂತು. ಇದು ಸಹಾಯಧನ ಅಲ್ಲ, ತೆರಿಗೆ ವಾಪಸ್. ಲಾರಿ ಡೀಸೆಲ್ ಮೇಲಿನ ತೆರಿಗೆ, ಮಾರುಕಟ್ಟೆ ಶುಲ್ಕ, ವಿದ್ಯುತ್ ಸುಂಕ, ಹೀಗೆ ಮಾಲಿನ ಬೆಲೆಯೊಳಗೆ ಕೂತಿರುವ, ಬೇರೆ ದಾರಿಯಲ್ಲಿ ವಾಪಸ್ ಸಿಗದ ತೆರಿಗೆಗಳನ್ನು ಹಿಂದಕ್ಕೆ ಕೊಡುವುದು. ನಮ್ಮ ತೆರಿಗೆಯನ್ನು ಪರದೇಶದವನ ತಲೆಗೆ ಕಟ್ಟಬಾರದು ಎಂಬ ತತ್ವ. ಸರಿಯಾದ ತತ್ವವೇ.

ಆದರೆ ಆ ತೆರಿಗೆಯ ಭಾರ ಹೊತ್ತವರು ಯಾರು? ಲಾರಿ ಘಟ್ಟ ಇಳಿಯುವ ಖರ್ಚು, ಮಾರುಕಟ್ಟೆಯ ಖರ್ಚು, ಎಲ್ಲವನ್ನೂ ಕಳೆದೇ ಅಲ್ವಾ ವ್ಯಾಪಾರಿ ನಮ್ಮ ಮೆಣಸಿಗೆ ದರ ಹಾಕುವುದು? ಬೆಳೆದವನ ದರದಲ್ಲಿ ಕಡಿತವಾದದ್ದು ವಾಪಸ್ ಬರುವಾಗ ಶಿಪ್ಪಿಂಗ್ ಬಿಲ್‌ನಲ್ಲಿ ಹೆಸರಿದ್ದವರಿಗೆ ಹೋಗುತ್ತದೆ. "ನಾವು ಅದನ್ನು ಲೆಕ್ಕ ಹಿಡಿದೇ ಜಾಸ್ತಿ ದರ ಕೊಡುತ್ತೇವೆ" ಎಂದು ರಫ್ತುದಾರರು ಹೇಳಬಹುದು. ಪೈಪೋಟಿ ಇದ್ದ ಕಡೆ ಹಾಗೆ ಆಗುತ್ತಲೂ ಇರಬಹುದು. ಮೆಣಸು ನಾಲ್ಕು ಕೈ ದಾಟಿ ಬಂದರಿಗೆ ಮುಟ್ಟುವಲ್ಲಿ ಅದು ತೋಟದ ತನಕ ಬರುತ್ತದೆ ಎಂದು ನನಗೆ ನಂಬಿಕೆ ಇಲ್ಲ.

ಬಡ್ಡಿಯ ವಿಷಯವೂ ಹಾಗೇ. ಸಣ್ಣ ಉದ್ಯಮಗಳಿಗೆ ರಫ್ತು ಸಾಲದ ಬಡ್ಡಿಯಲ್ಲಿ ಶೇ 3 ರಿಯಾಯಿತಿ ಇತ್ತು. 2024ರ ಡಿಸೆಂಬರ್ 31ಕ್ಕೆ ಆ ಯೋಜನೆ ಮುಗಿಯಿತು. ಅದು ಇದ್ದಾಗಲೂ ನಮ್ಮಲ್ಲಿ ಎಷ್ಟು ಜನ ಕೇಳಿ ಪಡೆದರು?

ತಪ್ಪು ನಮ್ಮದೂ ಇದೆ. ವ್ಯಾಪಾರ ನೀತಿ ಎಂದರೆ ನಮಗೆ ಆಮದು ಒಂದೇ ಕಾಣುತ್ತದೆ. 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ದರ, ಅಂದರೆ ಅದಕ್ಕಿಂತ ಅಗ್ಗದ ಮಾಲು ಒಳಗೆ ಬರಬಾರದು ಎಂಬ ನಿಯಮ, ಬಂದಾಗ ಖುಷಿಪಟ್ಟೆವು. 2023ರಲ್ಲಿ ಅಡಿಕೆಗೆ ಅದೇ ದರ 251ರಿಂದ 351ಕ್ಕೆ ಏರಿದಾಗಲೂ ಅಷ್ಟೇ. ಅವು ಬೇಕಿದ್ದವು, ನಾನೂ ಮನವಿಗೆ ಸಹಿ ಹಾಕಿದವನೇ. ಆದರೆ ಹೊರಗೆ ಮಾರುವ ಬಗ್ಗೆ ಒಂದು ಮನವಿ ಕೊಟ್ಟದ್ದು ನನಗೆ ನೆನಪಿಲ್ಲ.

ಕರಾವಳಿಯದ್ದು ಇನ್ನೊಂದು ಕಥೆ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಮಾಲಿಗೆ ಶೇ 50 ಸುಂಕ ಹಾಕಿದಾಗ ಸಿಗಡಿ ಬೆಳೆಯುವವರ ಕಷ್ಟ ಎಲ್ಲ ಪೇಪರಿನಲ್ಲೂ ಬಂತು. ಬೋಟಿನವರು ಸಮುದ್ರದಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಬಾಗಿಲು 2019ರಲ್ಲೇ ಮುಚ್ಚಿತ್ತು ಎಂಬುದು ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಕಾರಣ ಸುಂಕ ಅಲ್ಲ. ಟ್ರಾಲ್ ಬಲೆಗೆ ಬಿದ್ದ ಕಡಲಾಮೆ ಹೊರಗೆ ಹೋಗಲು ಒಂದು ಕಿಂಡಿ ಬೇಕು, ಅದು ನಮ್ಮ ಬಲೆಗಳಲ್ಲಿ ಇರಲಿಲ್ಲ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಬಲೆಗೆ ಕಿಂಡಿ ಇಡದೆ ದಿಲ್ಲಿಯಲ್ಲಿ ಎಷ್ಟು ಕೋಟಿ ಇಟ್ಟರೂ ಆ ಸಿಗಡಿ ಅಲ್ಲಿಗೆ ಹೋಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಇದೇ. ರಫ್ತಿಗೆ ಕೊಡುವ ದುಡ್ಡು ಬಂದರಿನ ಕಾಗದಕ್ಕಿಂತ ಮೊದಲು ಮಾಲು ಹುಟ್ಟುವ ಜಾಗಕ್ಕೆ ಬರಬೇಕು. ಶಿರಸಿಯಲ್ಲೇ ತೇವಾಂಶ, ಬೂಷ್ಟಿನ ವಿಷ, ಕೀಟನಾಶಕದ ಉಳಿಕೆ ನೋಡುವ ಒಳ್ಳೆಯ ಪ್ರಯೋಗಾಲಯ ಇದ್ದು, ರಫ್ತಿಗೆ ಅದರ ವರದಿ ನಡೆಯುವಂತಿದ್ದರೆ ಭಾವನಿಗೆ ಆ ನಾಲ್ಕು ದಿನ ಉಳಿಯುತ್ತಿತ್ತು. ಮುರುಗಲು (ಪುನರ್ಪುಳಿ) ಹಣ್ಣಾಗುವುದು ಏಪ್ರಿಲ್, ಮೇನಲ್ಲಿ. ಮಳೆ ಒಂದು ವಾರ ಮುಂಚೆ ಬಂದರೆ ಒಣಗಲು ಹಾಕಿದ ಸಿಪ್ಪೆ ಅಂಗಳದಲ್ಲೇ ಕೊಳೆಯುತ್ತದೆ. ಊರಿಗೊಂದು ಡ್ರೈಯರ್ ಬೇಕು. ಹೊಗೆ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ಅಂಶ ಸಿಕ್ಕಿ ಯುರೋಪಿನವರು ಬೇಡ ಅನ್ನುವ ಅಪಾಯವೂ ಇದೆ.

ಇದು ಹೊಸ ಮಾತಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದಕ್ಕೆ ಹತ್ತಿಯ ರಫ್ತು ಒಂದು ದೊಡ್ಡ ಕಾರಣ. ಧಾರವಾಡದ ಹತ್ತಿ ಘಟ್ಟ ಇಳಿದು ಹಡಗು ಹತ್ತಲು ರಸ್ತೆ, ಬಂದರು ಬೇಕು ಎಂದು ಇಂಗ್ಲೆಂಡಿನ ವ್ಯಾಪಾರಿಗಳು ಹಟ ಹಿಡಿದಿದ್ದರು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಕುಮಟೆಯ ಹೆಸರಿನ ಹತ್ತಿ ಇಂಗ್ಲೆಂಡಿನಲ್ಲಿ ಮಾರಾಟವಾಗುತ್ತಿತ್ತು. ಅವರು ಮಾಡಿದ್ದು ಅವರ ಲಾಭಕ್ಕೆ, ನಿಜ. ಆದರೂ ಆ ಕಾಲದಲ್ಲಿ ಆದ ರಸ್ತೆಗಳು ಇಲ್ಲೇ ಉಳಿದವು, ನಾವೂ ಓಡಾಡಿದೆವು.

ಹೊಸ ಮಿಷನ್ನಿನಲ್ಲಿ ನಿರ್ಯಾತ್ ದಿಶಾ ಅಂತ ಒಂದು ಭಾಗ ಇದೆ. ಗುಣಮಟ್ಟದ ಪರೀಕ್ಷೆ, ಪ್ಯಾಕಿಂಗ್, ಒಳನಾಡಿನ ಜಿಲ್ಲೆಯಿಂದ ಬಂದರಿಗೆ ಸಾಗಿಸುವ ಖರ್ಚು ಇದರಡಿ ಬರುತ್ತವೆ. ಒಬ್ಬೊಬ್ಬ ರೈತ ಇದರ ಬೆನ್ನು ಹತ್ತಲು ಆಗುವುದಿಲ್ಲ. ನೂರು ವರ್ಷ ದಾಟಿದ ಸಹಕಾರಿ ಸಂಘ ಇರುವ ಊರು ನಮ್ಮದು. ಸಂಘಗಳೇ ರಫ್ತಿನ ಕೋಡ್ ಇಟ್ಟುಕೊಂಡು, ಸದಸ್ಯರ ಮಾಲು ಒಟ್ಟು ಮಾಡಿ ಕಳಿಸಿದರೆ ಶಿಪ್ಪಿಂಗ್ ಬಿಲ್‌ನಲ್ಲಿ ಸಂಘದ ಹೆಸರೇ ಇರುತ್ತದೆ. ಚೀಟಿ ದೊಡ್ಡದಾಗುತ್ತದೆ, ಮಾರುವುದೂ ಸುಲಭ. ಬಂದ ದುಡ್ಡನ್ನು ಮೆಣಸು ಕೊಟ್ಟವರ ಖಾತೆಗೆ ಕ್ವಿಂಟಲ್ ಲೆಕ್ಕದಲ್ಲಿ ಹಂಚಬಹುದು.

ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ನಾನು ಇದನ್ನು ಬರೆದು ಕೊಡುತ್ತೇನೆ. ಭಾವ ಎರಡು ವರ್ಷದ ಕಾಗದಪತ್ರಗಳ ಫೈಲ್ ತರುತ್ತೇನೆ ಎಂದಿದ್ದಾರೆ. ನಿಮ್ಮಲ್ಲಿ ಯಾರಾದರೂ ಮೆಣಸು, ಮುರುಗಲು, ಏಲಕ್ಕಿ ಹೊರಗೆ ಕಳಿಸಿದವರಿದ್ದರೆ ಎಲ್ಲಿ ಸಿಕ್ಕಿಬಿದ್ದಿರಿ ಎಂದು ದಯವಿಟ್ಟು ನನಗೆ ತಿಳಿಸಿ. ಅದನ್ನೂ ಆ ಫೈಲಿಗೆ ಸೇರಿಸುತ್ತೇನೆ.