ಬ್ಲೇಜರ್ ಹಾಕ್ಕೊಂಡು ಗಾಂಧಿ ಬಜಾರಿಗೆ

ನೇವಿ ಬ್ಲೂ ಬ್ಲೇಜರ್, ಆಕ್ಸ್‌ಫರ್ಡ್ ಅನ್ನೋ ದಪ್ಪ ಕಾಟನ್ನಿನ ತಿಳಿನೀಲಿ ಶರ್ಟು, ಖಾಕಿ ಬಣ್ಣದ ಕಾಟನ್ ಪ್ಯಾಂಟು, ಕಾಲಿಗೆ ಲೇಸಿಲ್ಲದ ಲೋಫರ್ ಶೂ. ಅಮೆರಿಕದ ಹಳೇ ಕಾಲೇಜುಗಳ ಈ ಉಡುಗೆಗೆ ಐವಿ ಸ್ಟೈಲ್ ಅಂತಾರೆ. ಇದನ್ನು ತೊಟ್ಟು ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ನಡೆದರೆ ಅಮೆರಿಕ ಯಾರ ತಲೆಗೂ ಬರೋದಿಲ್ಲ. ಮೆಡಿಕಲ್ ರೆಪ್ ಅಂದ್ಕೋತಾರೆ. ಬ್ಯಾಗ್ ಇಲ್ಲದಿದ್ದರೆ ಎಂಬಿಎ ಹುಡುಗ. ವಯಸ್ಸು ನಲವತ್ತು ದಾಟಿದ್ದರೆ ಹೋಟೆಲ್ ಮ್ಯಾನೇಜರ್. ಪರಿಚಯದವರು ಸಿಕ್ಕರೆ, "ಎಂಥ ಮಾರಾಯ, ಯಾರ ಮದುವೆ?"

ಈ ಉಡುಗೆ ಇಷ್ಟಪಡುವ ಹುಡುಗರು "ಹಾಕ್ಕೊಳ್ಳೋಕೆ ಸಂಕೋಚ ಆಗುತ್ತೆ" ಅನ್ನೋದು ಈ ಕಾರಣಕ್ಕೆ. ಅದಕ್ಕೆ ಸಿಗುವ ಉತ್ತರ ಯಾವಾಗಲೂ ಒಂದೇ: ಕಾನ್ಫಿಡೆನ್ಸ್ ಇರ್ಬೇಕು, ಜನ ಏನಂದ್ರೂ ತಲೆ ಕೆಡಿಸ್ಕೋಬೇಡಿ. ಆ ಮಾತಿನಿಂದ ಮೂರು ಕಾಸಿನ ಉಪಯೋಗ ಇಲ್ಲ. ಸಂಕೋಚದ ಅರ್ಧ ಪಾಲು ಅಳತೆಯಲ್ಲಿದೆ, ಇನ್ನರ್ಧ ನಮ್ಮೂರಿನ ಕಣ್ಣು ಯಾವ ಬಟ್ಟೆಯನ್ನು ಏನೆಂದು ಓದುತ್ತದೆ ಅನ್ನೋದರಲ್ಲಿ. ಎರಡನ್ನೂ ಸರಿಮಾಡಬಹುದು, ಹೆಚ್ಚಿನಂಶ ಟೈಲರ್ ಅಂಗಡಿಯಲ್ಲೇ.

ಓದುವ ವಿಷಯ ಮೊದಲು. ಬಿಳಿ ಶರ್ಟು ಕಪ್ಪು ಪ್ಯಾಂಟು ಅಂದ್ರೆ ಕೋರ್ಟ್ ಹತ್ತಿರ ವಕೀಲರು, ಬಸ್ ಸ್ಟ್ಯಾಂಡ್ ಹತ್ತಿರ ವೇಟರ್. ಬಿಳಿ ಮೇಲೆ ಬಿಳಿ ಅಂದ್ರೆ ರಾಜಕೀಯ. ಬಿಳಿ ಶರ್ಟು ಕಂದು ಪ್ಯಾಂಟು ಅಂದ್ರೆ 2016ರ ನಂತರ ಆರೆಸ್ಸೆಸ್ ಶಾಖೆಗೆ ಹೊರಟವರು. ಪಟ್ಟೆ ಟೈ ಅಂದ್ರೆ ಕಾನ್ವೆಂಟ್. ಹೊಳೆಯುವ ಹಿತ್ತಾಳೆ ಗುಂಡಿಯ ನೀಲಿ ಕೋಟು ಅಂದ್ರೆ, ಕ್ಷಮಿಸಿ, ಬ್ಯಾಂಡ್ ಸೆಟ್. ಇದು ಜನರ ತಪ್ಪಲ್ಲ. ಎಲ್ಲ ಊರೂ ತನಗೆ ಗೊತ್ತಿರೋದರ ಮೇಲೇ ಓದುತ್ತದೆ. 1964ರಲ್ಲಿ ಟೋಕಿಯೋದ ಗಿಂಜಾದಲ್ಲಿ ಇದೇ ಥರದ, ಕಾಲರಿಗೆ ಗುಂಡಿ ಇರುವ ಬಟನ್ ಡೌನ್ ಶರ್ಟು, ಗಿಡ್ಡ ಪ್ಯಾಂಟು ಹಾಕಿ ನಿಲ್ಲುತ್ತಿದ್ದ ಹುಡುಗರನ್ನು ಒಲಿಂಪಿಕ್ಸ್‌ಗೆ ಮುಂಚೆ ಪೊಲೀಸರು ಹಿಡಿದು ವ್ಯಾನ್ ಹತ್ತಿಸಿದ್ದರು. ಅಮೆರಿಕದಲ್ಲಿ ಅನುಕೂಲಸ್ಥರ ಮನೆ ಮಕ್ಕಳ ಉಡುಗೆ, ಅಲ್ಲಿ ಪುಂಡರ ವೇಷ. ನಮ್ಮಲ್ಲಿ ಬರೀ ಮೆಡಿಕಲ್ ರೆಪ್ ಅಂದರೆ ಸಮಾಧಾನಪಡಬೇಕು.

ಶುರು ಮಾಡೋದು ಶರ್ಟಿನಿಂದ. ಕಾಲರಿನ ತುದಿಗೆ ಗುಂಡಿ ಇರುವ ಶರ್ಟನ್ನು ಪೇಟೆಗೆ ತಂದದ್ದು ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್. ಇಂಗ್ಲೆಂಡಿನಲ್ಲಿ ಪೋಲೋ ಆಡುವವರು ಕಾಲರ್ ಗಾಳಿಗೆ ಹಾರದಂತೆ ಗುಂಡಿ ಹಾಕಿದ್ದನ್ನು ನೋಡಿ ಮಾಡಿದ್ದು. ಆ ಕಾಲರಿನ ಅಂದವೆಲ್ಲ ಅದರ ಬಾಗಿನಲ್ಲಿದೆ. ಮೇಲಿನ ಗುಂಡಿ ಬಿಟ್ಟಾಗ ಕಾಲರ್ ಎರಡೂ ಕಡೆ ಮೆತ್ತಗೆ ಉಬ್ಬಿ ಇಳಿಯಬೇಕು. ನಮ್ಮ ರೆಡಿಮೇಡ್ ಶರ್ಟುಗಳಲ್ಲಿ ಅದು ಬರೋದಿಲ್ಲ, ಯಾಕಂದ್ರೆ ಕಾಲರಿನ ತುದಿ ಎರಡೂವರೆ ಇಂಚಿನ ಆಸುಪಾಸು ಮಾತ್ರ, ಒಳಗೆ ಅಂಟಿಸಿದ ಗಟ್ಟಿ ಬಕ್ರಂ ಬೇರೆ. ಹಪ್ಪಳದ ಹಾಗೆ ಎದೆಗೆ ಒತ್ತಿ ಮಲಗುತ್ತದೆ. ನಾಲ್ಕಾರು ಸಲ ಇಸ್ತ್ರಿ ಆದ ಮೇಲೆ ಅಂಟು ಬಿಟ್ಟು ಗುಳ್ಳೆ ಏಳುವುದೂ ಉಂಟು.

ಹೊಲಿಸುವುದಾದರೆ ಟೈಲರ್‌ಗೆ ಮೂರು ಮಾತು ಹೇಳಿ. ಕಾಲರಿನ ತುದಿ ಮೂರೂಕಾಲರಿಂದ ಮೂರೂವರೆ ಇಂಚು. ಒಳಗೆ ಅಂಟಿಸುವ ಬಕ್ರಂ ಬೇಡ, ತೆಳು ಕಾಟನ್ ಬಟ್ಟೆಯನ್ನೇ ಇಟ್ಟು ಹೊಲಿಯಿರಿ. ಮೂರನೆಯದು ಮುಖ್ಯ: ಗುಂಡಿಯನ್ನು ಕಾಲರಿನ ತುದಿ ಸಹಜವಾಗಿ ಬೀಳುವ ಜಾಗದಲ್ಲಿ ಹಾಕದೆ ಅರ್ಧ ಇಂಚು ಮೇಲೆ ಹಾಕಬೇಕು. ಆಗ ಬಟ್ಟೆಗೆ ಹೋಗಲು ಜಾಗ ಇಲ್ಲದೆ ಹೊರಗೆ ಉಬ್ಬುತ್ತದೆ. ಟೈಲರ್ "ಇದು ಸರಿ ಕೂರಲ್ಲ ಸಾರ್" ಅಂದೇ ಅನ್ನುತ್ತಾರೆ. ಹೌದು, ಕೂರಬಾರದು ಅಂತಲೇ ಹೇಳಿ.

ಉದ್ದ ಇನ್ನೊಂದು ತಲೆನೋವು. ಈಗಿನ ಶರ್ಟುಗಳು ಹೊರಗೆ ಬಿಡಲಿಕ್ಕೆ ಅಂತ 28, 29 ಇಂಚಿಗೆ ಬರುತ್ತವೆ. ಅದನ್ನು ಇನ್‌ಶರ್ಟ್ ಮಾಡಿ ಬೈಕ್ ಹತ್ತಿದರೆ ಗೋಪಿ ಸರ್ಕಲ್ ಮುಟ್ಟೋ ಹೊತ್ತಿಗೆ ಹಿಂದಿನ ಬಾಲ ಹೊರಗೆ. ಇಳಿದವನು ಮೊದಲು ಮಾಡೋ ಕೆಲಸ ಸೊಂಟಕ್ಕೆ ಕೈ ಹಾಕಿ ತುರುಕೋದು. ಜನ ನೋಡೋದು ಆ ಕೈಯನ್ನ, ಬಟ್ಟೆಯನ್ನಲ್ಲ. ಸಾಧಾರಣ ಎತ್ತರದವರಿಗೆ 31, 32 ಇಂಚು ಬೇಕು. ಕಂಕುಳು ತೀರಾ ಕೆಳಗೆ ಇಳಿದಿದ್ದರೂ ಇದೇ ಪಾಡು: ತೋಳೆತ್ತಿದಾಗ ಇಡೀ ಶರ್ಟೇ ಮೇಲೇಳುತ್ತದೆ. ಸೊಂಟದ ಹತ್ತಿರ ಒಟ್ಟು ನಾಲ್ಕರಿಂದ ಐದು ಇಂಚು ಸಡಿಲ ಇರಲಿ. ಈ ಉಡುಗೆಯ ಗುಟ್ಟೇ ಸ್ವಲ್ಪ ಸಡಿಲ. ಸ್ಲಿಮ್ ಫಿಟ್‌ನಲ್ಲಿ ಇದನ್ನು ಮಾಡಲು ಹೋದರೆ ರೆಪ್ ಆಗೋದು ಖಂಡಿತ.

ಬಟ್ಟೆ ಹೊಲಿಸೋ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ. ದಪ್ಪ ಆಕ್ಸ್‌ಫರ್ಡ್ ಕಾಟನ್ ನೂರಕ್ಕೆ ಮೂರು ನಾಲ್ಕರಷ್ಟು ಕುಗ್ಗಬಹುದು. 24 ಇಂಚಿನ ತೋಳಿನಲ್ಲಿ ಅದು ಮುಕ್ಕಾಲರಿಂದ ಒಂದು ಇಂಚು. 58 ಇಂಚು ಪನ್ನದ, ಅಂದ್ರೆ ಅಗಲದ, ಬಟ್ಟೆಗೆ ಅಂಗಡಿಯವರು 1.60 ಮೀಟರ್ ಕೊಡುತ್ತಾರೆ. ಉದ್ದನೆಯ ಬಾಲಕ್ಕೆ, ಕುಗ್ಗುವುದಕ್ಕೆ ಸೇರಿಸಿ 1.80 ತಗೊಳ್ಳಿ. ಬಣ್ಣದ ವಿಷಯ: ತಿಳಿನೀಲಿ ಆಕ್ಸ್‌ಫರ್ಡ್ ಬೆವರಿನ ಕಲೆಯನ್ನು ಊರಿಗೆಲ್ಲ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಶಿವಮೊಗ್ಗ 36, 37 ಡಿಗ್ರಿ ಮುಟ್ಟುವಾಗ ಬಿಳಿ, ಇಲ್ಲವೇ ಬಿಳಿಯಲ್ಲಿ ಸಣ್ಣ ನೀಲಿ ಗೆರೆ ಇರೋದು ಕ್ಷೇಮ.

ಮದ್ರಾಸ್ ಚೆಕ್ಸ್ ಬಗ್ಗೆ ಒಂದು ಮಾತು. ನಮ್ಮದೇ ಮದ್ರಾಸಿನ ಕೈಮಗ್ಗದ ಬಟ್ಟೆ 1958ರ ಸುಮಾರಿಗೆ ಅಮೆರಿಕಕ್ಕೆ ಹೋಗಿ, ಒಗೆದಾಗ ಬಣ್ಣ ಬಿಟ್ಟು ಗಿರಾಕಿಗಳು ಗಲಾಟೆ ಮಾಡಿ, ಆಮೇಲೆ ಬಣ್ಣ ಬಿಡೋದೇ ಅದರ ಹೆಚ್ಚುಗಾರಿಕೆ ಅಂತ ಜಾಹೀರಾತಾಗಿ ಮಾರಾಟವಾಯಿತು. ಅಲ್ಲಿ ಬೇಸಿಗೆ ರಜೆಯ ದುಬಾರಿ ಶರ್ಟು. ತೀರ್ಥಹಳ್ಳಿಯಲ್ಲಿ ಹಾಕಿದರೆ "ಲುಂಗಿ ಹರಿದು ಹೊಲಿಸಿದ್ಯೇನೋ?" ಅವರು ಹೇಳೋದರಲ್ಲಿ ಸುಳ್ಳೇನಿಲ್ಲ, ತೋಟಕ್ಕೆ ಹೋಗುವಾಗ ಉಡೋ ಲುಂಗಿಯ ಚೌಕಳಿಯೂ ಅದೇ. ದೊಡ್ಡ ಚೌಕ, ಹಸಿರು ನೀಲಿ ಜೋಡಿ ಬಿಡಿ. ಸಣ್ಣ ಚೌಕ, ಕೆಂಪು ಹಳದಿ ಸೇರಿದ್ದು ತಗೊಂಡರೆ ಲುಂಗಿಯ ನೆನಪು ಅಷ್ಟಾಗಿ ಬರೋದಿಲ್ಲ.

ಪ್ಯಾಂಟಿಗೆ ಬರೋಣ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು 1944ರ ಕಾನೂನಿನ ನೆರವಿನಿಂದ ಕಾಲೇಜು ಸೇರಿದಾಗ ಮಿಲಿಟರಿಯ ಖಾಕಿ ಪ್ಯಾಂಟನ್ನೇ ಹಾಕ್ಕೊಂಡು ಬಂದರು, ಅದೇ ಫ್ಯಾಷನ್ ಆಯ್ತು. ಖಾಕಿ ಹುಟ್ಟಿದ್ದು ಈ ಕಡೆಯೇ: 1840ರ ದಶಕದಲ್ಲಿ ಪೇಶಾವರದ ಕಡೆಯ ಸೈನ್ಯದಲ್ಲಿ ಬಳಕೆಗೆ ಬಂತು, ಘಟ್ಟದ ಕೆಳಗೆ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಖಾಕಿಯೂ ಹೆಸರುವಾಸಿ. ಆದರೆ ನಮ್ಮ ಕಣ್ಣಿಗೆ ಖಾಕಿ ಅಂದ್ರೆ ಪೊಲೀಸು, ಆಟೋ. ಹಸಿರು ಛಾಯೆಯ ಗಾಢ ಖಾಕಿ ಮುಟ್ಟಬೇಡಿ. ಒಣಹುಲ್ಲಿನಷ್ಟು ತಿಳಿಯಾದ, ಬೂದಿ ಕಡೆಗೆ ವಾಲಿದ ಬಣ್ಣ ಇರಲಿ. ಮೇಲೆ ನೀಲಿ ಗೆರೆಯ ಶರ್ಟು ಹಾಕಿದರೆ ಯಾರೂ ಸೆಲ್ಯೂಟ್ ಹೊಡೆಯೋದಿಲ್ಲ.

ಅಳತೆಯಲ್ಲಿ ತಪ್ಪುವುದು ಸೊಂಟ. ಲೋ ವೇಸ್ಟ್ ಪ್ಯಾಂಟಿನ ಮೇಲೆ ಬ್ಲೇಜರ್ ಹಾಕಿದರೆ ಗುಂಡಿ ಕೆಳಗೆ ಶರ್ಟಿನ ತ್ರಿಕೋನ ಇಣುಕುತ್ತದೆ, ಹೊಟ್ಟೆ ಇಲ್ಲದವರಿಗೂ ಹೊಟ್ಟೆ ಕಾಣುತ್ತದೆ. ಹೊಕ್ಕುಳಿನಿಂದ ಎರಡು ಬೆರಳು ಕೆಳಗೆ ಕೂರುವಂತೆ ಹೇಳಿ. ಮುಂದೆ ಪ್ಲೀಟ್ಸ್ ಬೇಡ. ಬಾಟಮ್ ಸುತ್ತಳತೆ ಹದಿನೈದೂವರೆಯಿಂದ ಹದಿನಾರು. ಹದಿಮೂರಕ್ಕೆ ಇಳಿಸಿದರೆ ಲೋಫರ್ ದೋಣಿಯ ಹಾಗೆ ಕಾಣುತ್ತದೆ. ಉದ್ದ ಶೂ ಮೇಲೆ ಮುಟ್ಟಿ ನಿಲ್ಲಬೇಕು, ಮಡಿಕೆ ಬೀಳಬಾರದು. ಕೆಳಗೆ ಒಂದೂಮುಕ್ಕಾಲು ಇಂಚಿನ ಫೋಲ್ಡ್ ಇಡುವುದು ಈ ಶೈಲಿಯ ಪದ್ಧತಿ, ಅದಕ್ಕೆ ಕಾಲಿಗೆ ನಾಲ್ಕು ಇಂಚು ಬಟ್ಟೆ ಹೆಚ್ಚು ಬಿಡಬೇಕು. ಶಿವಮೊಗ್ಗ, ಭದ್ರಾವತಿಯಲ್ಲಿ ಇದ್ದರೆ ಇಡಿ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್‌ಗೂ ಮೇಲೆ ಮಳೆ, ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಇಲ್ಲ. ಘಟ್ಟದ ಅಂಚಿನಲ್ಲಿ ಜುಲೈ ತಿಂಗಳಲ್ಲಿ ಆ ಫೋಲ್ಡ್ ಒಳಗೆ ಕೆಸರು, ಒಮ್ಮೊಮ್ಮೆ ಇಂಬಳವೂ ಬಂದು ಕೂರುತ್ತದೆ.

ಲೋಫರ್ ಮಾತ್ರ ಮಲೆನಾಡಿಗೆ ಹೇಳಿ ಮಾಡಿಸಿದ್ದು. ಅಮೆರಿಕದ ಬಾಸ್ ಕಂಪನಿ 1936ರಲ್ಲಿ ನಾರ್ವೆಯ ರೈತರ ಮೆಟ್ಟು ನೋಡಿ ಮಾಡಿದ ಶೂ ಇದು. ನಮ್ಮಲ್ಲಿ ಪ್ರತಿ ಮನೆಯ ಜಗಲಿ ಮುಂದೆ, ದೇವಸ್ಥಾನದ ಮುಂದೆ, ಎಷ್ಟೋ ಕ್ಲಿನಿಕ್ಕಿನ ಮುಂದೆಯೂ ಬಿಡಬೇಕು. ಲೇಸ್ ಶೂ ಹಾಕಿದವನು ಬಗ್ಗಿ ಬಿಚ್ಚುತ್ತಾ ಕೂತಾಗ ಮನೆಯವರೆಲ್ಲ ಬಂದು ನಿಂತು ನೋಡುತ್ತಾರೆ, ಸಂಕೋಚ ಅಂದ್ರೆ ಅದು. ಲೋಫರ್ ಕಾಲಿಂದ ಜಾರಿಸಿದರೆ ಆಯ್ತು. ಸಾಕ್ಸಿನ ಹೆಬ್ಬೆರಳು ಮಾತ್ರ ನೋಡಿಕೊಳ್ಳಿ. ಚರ್ಮದ ಅಟ್ಟೆ ಇದ್ದರೆ ಒದ್ದೆ ಮೆಟ್ಟಿಲಲ್ಲಿ, ರೆಡ್ ಆಕ್ಸೈಡ್ ನೆಲದಲ್ಲಿ ಜಾರುತ್ತದೆ. ಶೂ ರಿಪೇರಿಯವರ ಹತ್ತಿರ ಮುಂಭಾಗಕ್ಕೆ ಎರಡು ಮಿಲಿಮೀಟರ್ ರಬ್ಬರ್ ಅಂಟಿಸಿಕೊಳ್ಳಿ.

ಮಳೆಗಾಲದ ಶತ್ರು ಬೂಷ್ಟು. ಒದ್ದೆಯಾದ ಶೂ ಒಳಗೆ ನ್ಯೂಸ್‌ಪೇಪರ್ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಗಾಳಿಯಾಡುವಲ್ಲಿ ಒಣಗಿಸಿ. ಬಚ್ಚಲೊಲೆ ಹತ್ತಿರ ಇಟ್ಟರೆ ನೀರಿನ ಜೊತೆ ಚರ್ಮದ ಜಿಡ್ಡೂ ಹೋಗಿ ಮಡಿಸುವ ಜಾಗದಲ್ಲಿ ಸೀಳುತ್ತದೆ, ಸಾಲದ್ದಕ್ಕೆ ಹೊಗೆ ವಾಸನೆ. ಬೂಷ್ಟು ಬಂದೇ ಬಿಟ್ಟರೆ ಮನೆಯ ಹೊರಗೆ ಒಣಬಟ್ಟೆಯಲ್ಲಿ ಒರೆಸಿ, ವಿನೆಗರ್‌ಗೆ ಸಮ ನೀರು ಸೇರಿಸಿ ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಒರೆಸಿ, ಒಣಗಿದ ಮೇಲೆ ಕ್ರೀಮ್ ಹಚ್ಚಿ. ಒಂದೇ ಜೊತೆಯನ್ನು ದಿನಾ ಹಾಕಬೇಡಿ. ಬೀರುವಿನಲ್ಲಿ ಕೋಟಿಗೂ ಹಾಗೇ: ಡ್ರೈ ಕ್ಲೀನಿಂಗ್‌ನವರು ಕೊಟ್ಟ ಪ್ಲಾಸ್ಟಿಕ್ ಕವರ್ ತೆಗೆದುಬಿಡಿ, ಒಳಗೆ ತೇವ ಉಳಿಯುವುದೇ ಅದರಿಂದ.

ಕೋಟು ಕೊನೆಗೆ ಬರಲಿ. ಪೇಟೆಯಲ್ಲಿ ಕೋಟು ಹೊಲಿಯುವವರ ಕೈ ಮದುಮಗನ ಸೂಟಿಗೆ ಒಗ್ಗಿದೆ: ಹೆಗಲಿಗೆ ದಪ್ಪ ಪ್ಯಾಡ್, ಹೊಳೆಯುವ ಪಾಲಿಯೆಸ್ಟರ್ ಬೆರಕೆ, ಪೂರ್ತಿ ಲೈನಿಂಗ್. ಐವಿ ಕೋಟಿನ ಜೀವವೇ ಪ್ಯಾಡ್ ಇಲ್ಲದ ಹೆಗಲು. ಟೈಲರ್‌ಗೆ ಅದರ ಇಂಗ್ಲಿಷ್ ಹೆಸರು ಹೇಳಿದರೆ ಪ್ರಯೋಜನ ಇಲ್ಲ. ಮನೆಯಲ್ಲಿ ಕಚ್ಚೆಪಂಚೆ ಮೇಲೆ ಕೋಟು ಹಾಕಿ ಕೂತ ಅಜ್ಜನ ಫೋಟೋ ಇದ್ದರೆ ತೋರಿಸಿ. ಶಾನುಭೋಗರು, ಮೇಷ್ಟ್ರುಗಳು ಹಾಕುತ್ತಿದ್ದ ಆ ಸಡಿಲ ಕೋಟಿನ ಹೆಗಲು ನಮಗೆ ಬೇಕಾದ್ದಕ್ಕೆ ಎಷ್ಟೋ ಹತ್ತಿರ. ಕೋಟು ಅಂದ್ರೆ ಅಮೆರಿಕದಿಂದ ಬಂದದ್ದು ಅಂತ ನಾಚಿಕೊಳ್ಳುವವರೂ ಆ ಫೋಟೋ ಒಮ್ಮೆ ನೋಡಲಿ.

ಹಾಫ್ ಲೈನಿಂಗ್ ಸಾಕು, ಪ್ಯಾಚ್ ಪಾಕೆಟ್ ಇರಲಿ, ಹಿಂದೆ ಒಂದೇ ಸೀಳು. ಮೂರು ಗುಂಡಿ ಇದ್ದು ಮೇಲಿನದು ಎದೆಯ ಮೇಲಿನ ಕಾಲರ್ ಮಡಿಕೆಯೊಳಗೆ ಹೊರಳಿರಬೇಕು. ಇಸ್ತ್ರಿಯವನು ಆ ಮಡಿಕೆಯನ್ನು ಒತ್ತಿ ಚಪ್ಪಟೆ ಮಾಡಿದರೆ ಕೆಲಸ ಕೆಟ್ಟಿತು, ಮೊದಲೇ ಹೇಳಿಡಿ. ಹಿತ್ತಾಳೆ ಗುಂಡಿ ಬದಲು ಕಡುಕಂದು ಗುಂಡಿ ಹಾಕಿಸಿದರೆ ಬ್ಯಾಂಡ್ ಸೆಟ್ಟೂ ಹೋಯಿತು, ಹೋಟೆಲ್ ಮ್ಯಾನೇಜರೂ ಹೋದ. ಬೈಕಿನಲ್ಲಿ ಹಾಕ್ಕೊಂಡು ಹೋಗಬೇಡಿ, ಬೆನ್ನು ಮುದುರುತ್ತದೆ. ಒಂದು ಹೆಗಲನ್ನು ಒಳಗುಹೊರಗು ತಿರುಗಿಸಿ ಇನ್ನೊಂದರೊಳಗೆ ಕೂರಿಸಿ, ಉದ್ದಕ್ಕೆ ಮಡಚಿ ಬ್ಯಾಗಿನಲ್ಲಿಟ್ಟು, ತಲುಪಿದ ಮೇಲೆ ಹಾಕಿ. ಹಾಕುವ ಕಾಲವೂ ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಅಷ್ಟೆ. ಮೇ ತಿಂಗಳಲ್ಲಿ ಕೋಟು ಹಾಕಿದವನನ್ನು ಜನ ನೋಡಿದರೆ ತಪ್ಪು ಜನರದ್ದಲ್ಲ.

ಟೈ ನನ್ನ ಮಟ್ಟಿಗೆ ಬಿಟ್ಟುಬಿಡಬಹುದು. ಕಟ್ಟಲೇಬೇಕು ಅನ್ನುವವರು ಹೆಣೆದ ಬಟ್ಟೆಯ, ತುದಿ ಚೌಕವಾಗಿರುವ ಟೈ ಕಟ್ಟಿ. ಅದು ಯಾವ ಶಾಲೆಯ ಯೂನಿಫಾರ್ಮೂ ಅಲ್ಲ. ಅಮೆರಿಕದ ಪಟ್ಟೆ ಇಂಗ್ಲೆಂಡಿನ ಪಟ್ಟೆಗೆ ಉಲ್ಟಾ ದಿಕ್ಕಿನಲ್ಲಿರುತ್ತೆ ಅಂತ ಹುಡುಕಿ ತರಿಸುವವರಿದ್ದಾರೆ. ದುರ್ಗಿಗುಡಿಯಲ್ಲಿ ಅದನ್ನು ಗುರುತಿಸುವವರು ಸಿಗೋದು ಕಷ್ಟ.

ಎಲ್ಲವನ್ನೂ ಒಂದೇ ದಿನ ಹಾಕ್ಕೊಂಡು ಹೊರಡಬೇಡಿ. ಶರ್ಟನ್ನು ಮನೆಯಲ್ಲೇ ನಾಲ್ಕೈದು ಸಲ ಒಗೆದು ಹೊಸತನ ಕಳೆದು, ನಿಮ್ಮ ಹಳೇ ಪ್ಯಾಂಟಿನ ಜೊತೆ ಒಂದು ತಿಂಗಳು ಆಫೀಸಿಗೆ ಹಾಕಿ. ಆಮೇಲೆ ಪ್ಯಾಂಟು. ಆಮೇಲೆ ಶೂ. ಊರಿನ ಕಣ್ಣು ಒಂದೊಂದಕ್ಕೇ ಒಗ್ಗುತ್ತಾ ಬಂದಿರುತ್ತದೆ, ಕೋಟಿನ ಸರದಿ ಬಂದಾಗ ಚಳಿಗೆ ಹಾಕಿದ್ದಾನೆ ಅಂದ್ಕೋತಾರೆ. "ಏನು ವಿಶೇಷ?" ಅಂದರೆ "ಎಂಥದೂ ಇಲ್ಲ ಮಾರಾಯ್ರೇ, ಸುಮ್ನೆ" ಅಂದು ಅಡಿಕೆ ರೇಟು ಕೇಳಿ. ಬ್ರೂಕ್ಸ್ ಬ್ರದರ್ಸ್ ಚರಿತ್ರೆ ಹೇಳಲು ಹೋಗಬೇಡಿ.

ಟೈಲರ್ ಹತ್ತಿರ ಹೋಗೋ ಸಮಯ ಆಷಾಢ. ಮದುವೆ ಸೀಸನ್ನಿನಲ್ಲಿ, ದೀಪಾವಳಿ ಮುಂಚೆ ಅವರಿಗೆ ಕಾಲರಿನ ಅರ್ಧ ಇಂಚಿನ ಬಗ್ಗೆ ಕೇಳುವ ತಾಳ್ಮೆ ಇರೋದಿಲ್ಲ. ಆಷಾಢದಲ್ಲಿ ಅಂಗಡಿ ಖಾಲಿ, ಬಟ್ಟೆ ಅಂಗಡಿಯಲ್ಲಿ ರಿಯಾಯಿತಿಯೂ ಇರುತ್ತದೆ, ಟ್ರಯಲ್‌ಗೆ ಎರಡು ಸಲ ಕರೆದರೂ ಬೇಸರ ಮಾಡಿಕೊಳ್ಳೋದಿಲ್ಲ. ಮೊದಲು ಒಂದೇ ಶರ್ಟು ಹೊಲಿಸಿ, ಮೂರು ಸಲ ಒಗೆದು ಅಳತೆ ನೋಡಿ, ಆಮೇಲೆ ಉಳಿದದ್ದು ಕೊಡಿ. ನೆನೆಸಿದ ಬಟ್ಟೆ ಆ ಮಳೆಯಲ್ಲಿ ಒಣಗೋಕೆ ಎರಡು ಮೂರು ದಿನ ಬೇಕು. ಅರೆಒದ್ದೆ ಬಟ್ಟೆಯನ್ನು ಕತ್ತರಿಗೆ ಕೊಟ್ಟರೆ ಕಾಲರ್ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಬರುತ್ತದೆ.